ಕಿರುಬೆರಳಿನ ಜಾಗ

ಅರವತ್ತರ ದಶಕದ ಆರಂಭದಲ್ಲಿ ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಹಂಗಾಮಿ ಗುಮಾಸ್ತ. ನಿಟ್ಟುವಳ್ಳಿಯಿಂದ ದಾವಣಗೆರೆ ಸ್ಟೇಷನ್ನಿಗೆ ನಡೆದು, ರೈಲು ಹಿಡಿದು ಹೋಗುತ್ತಿದ್ದೆ. ಕೆಲಸ ಕಾಯಂ ಆಗಲು ದೊಡ್ಡ ಸಾಹೇಬರ ಒಂದು ಸಹಿ ಬೇಕಿತ್ತು. ಆ ಸಹಿಗಾಗಿ ಅವರ ಬೆರಳು ಜೋಡಿಸುವ ಕೆಲಸಕ್ಕೂ ಇಳಿದೆ.

ಸಾಹೇಬರು ಆರು ತಿಂಗಳು ಇಂಗ್ಲೆಂಡಿನಲ್ಲಿದ್ದು ಕಲಿತದ್ದೇನೋ ನನಗೆ ತಿಳಿಯದು. ತಂದದ್ದು ಮಾತ್ರ ಒಂದು ಚೀಲ ಗಾಲ್ಫ್ ಕೋಲು, ಒಂದು ಪುಸ್ತಕ. ಸಂಜೆ ಐದಕ್ಕೆ ಬಂಗಲೆಯ ಹಿಂದಿನ ಬಯಲಿನಲ್ಲಿ ನಾನು ಪುಸ್ತಕದ ಚಿತ್ರ ನೋಡಿ ಅವರ ಕೈ ತಿದ್ದಬೇಕು. ಎಡಗೈ ಮೇಲೆ, ಬಲಗೈ ಕೆಳಗೆ. ಎಡಗೈ ಹೆಬ್ಬೆರಳು ಬಲ ಅಂಗೈಯೊಳಗೆ ಅಡಗಬೇಕು, ಬಲಗೈ ಕಿರುಬೆರಳು ಎಡಗೈ ತೋರುಬೆರಳ ಮೇಲೆ ಕೂರಬೇಕು. ಬಿಗಿ ಹಿಡಿಯಬಾರದು. ಕಟ್ಟಿಗೆ ಒಡೆಯಲೂ ಬಾರದ ಕೈಗೆ ಇಷ್ಟೊಂದು ಶಾಸ್ತ್ರ. ಕಿರುಬೆರಳಂತೂ ಒಂದು ದಿನವೂ ಕೂರಿಸಿದಲ್ಲಿ ಕೂರಲಿಲ್ಲ. ಹೊಡೆದರೆ ಚೆಂಡು ಅಲ್ಲೇ ಉಳಿದು ಮಣ್ಣು ಹಾರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಸಾಹೇಬರು ನೆಲವನ್ನು ಎರಡು ಸಲ ಸಮ ಮಾಡಿಸಿದರು. ಸಮ ಮಾಡಿದವನು ಕೊಕ್ಕನೂರಿನಿಂದ ಬರುತ್ತಿದ್ದ ಮಾಲಿ.

ಒಂದು ಸಂಜೆ ಸಾಹೇಬರು ಬೇಸತ್ತು ಕೋಲನ್ನು ಅವನ ಕಡೆ ಎಸೆದು, "ನೀನು ಹೊಡಿ ನೋಡಾಣ" ಎಂದರು. ನಗಲು ಯಾರಾದರೂ ಬೇಕಿತ್ತು, ಅಷ್ಟೆ. ಮಾಲಿ ಗುದ್ದಲಿ ಹಿಡಿಯುವಾಗಿನಂತೆ ಎರಡೂ ಅಂಗೈಗೆ ಉಗುಳು ಹಚ್ಚಿಕೊಂಡು ಕೋಲು ಹಿಡಿದ. ನಾನು ಅವನ ಕೈ ನೋಡಿದೆ. ಹೆಬ್ಬೆರಳು ಅಡಗಿತ್ತು, ಕಿರುಬೆರಳು ಕೂತಿತ್ತು. ಎರಡು ತಿಂಗಳ ನನ್ನ ಪಾಠವನ್ನು, ಕಳೆ ಕೀಳುತ್ತಾ ನೋಡಿ ಕಲಿತವನು ಅವನೊಬ್ಬನೇ. ಚೆಂಡು ಬೇಲಿ ದಾಟಿ ಹೊಳೆಯ ಕಡೆ ಹೋಯಿತು.

ಸಾಹೇಬರ ಮುಖ ಹುಳ್ಳಗಾಯಿತು. ಉಗುಳಾದ ಹಿಡಿಯನ್ನು ಕರವಸ್ತ್ರದಿಂದ ಒರೆಸುತ್ತಾ ನನ್ನನ್ನು ಕೇಳಿದರು. "ಪುಸ್ತಕದ ಪ್ರಕಾರ ಇವನ ಹಿಡಿತ ಸರಿ ಇತ್ತೇನ್ರಿ?"

ನನ್ನ ಕಾಯಂ ಕಾಗದ ಅವರ ಮೇಜಿನ ಮೇಲಿತ್ತು. "ಇಲ್ಲ ಸಾರ್, ಪೂರಾ ತಪ್ಪು" ಎಂದೆ.

"ಅದೇ ಅನ್ಕೊಂಡೆ. ಹೆಂಗೋ ಬಿತ್ತು ಏಟು" ಎಂದು ಅವರು ಸಮಾಧಾನದಿಂದ ಒಳಗೆ ಹೋದರು. ಮುಂದಿನ ವಾರ ಸಹಿ ಬಿತ್ತು.

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ತಾತ್ಸಾರವಿದೆ. ಅವರನ್ನು ನೆನೆದು ನಗುವುದು ಸುಲಭ. ಆದರೆ ಆ ಸಂಜೆ ಮಾಲಿ ಗೇಟಿನ ತನಕ ನನ್ನ ಹಿಂದೆ ಬಂದಿದ್ದ. ಕೋಲಿಲ್ಲದ ಎರಡೂ ಕೈಗಳನ್ನು, ಕೋಲು ಹಿಡಿದಂತೆಯೇ ಜೋಡಿಸಿ ನನ್ನ ಮುಂದೆ ಚಾಚಿದ.

"ಯಾವ ಬೆರಳು ತಪ್ಪೈತ್ರಿ? ಹೇಳ್ರಿ, ತಿದ್ಕೊಂತೀನಿ."

ನಾನು ಅವನ ಕಿರುಬೆರಳನ್ನು ಹಿಡಿದು, ಸರಿಯಾಗಿ ಕೂತಿದ್ದ ಜಾಗದಿಂದ ಎತ್ತಿ, ಬೇರೆ ಕಡೆ ಇಟ್ಟೆ.

"ಹೌದ್ರಿ, ಈಗ ಗೊತ್ತಾತು" ಎಂದು ಅವನು ತಲೆಯಾಡಿಸಿದ.