ಪೂಜೆಗಿಟ್ಟ ಮೂರು ಸೀಸದ ಕುದುರೆಗಳು

ಆ ಮೂರು ಕುದುರೆಗಳನ್ನು ಸರಿಸಿದವಳು ನಾನು. ನನ್ನ ಗಂಡ ಮಲ್ಲೇಶಪ್ಪ ಅಲ್ಲ. ಪೂಜೆಗೆ ಇಟ್ಟಿದ್ದನ್ನು, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಎರಡು ಬೆರಳಿನಷ್ಟು ಮುಂದೆ ಸರಿಸಿದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕುಳಿತೆ. ಬಾದಾಮಿಯ ಬಸ್ ನಿಲ್ದಾಣದಲ್ಲಿ ನನ್ನ ಗಂಡನನ್ನು ಸಾಯುವ ತನಕ ‘ಕುದುರಿಗಳ್ಳ’ ಎಂದು ಕರೆದರು. ಕರೆದವರು ನಗುವುದಕ್ಕೆ ಕರೆದರು. ನಮ್ಮವರೂ ಅವರ ಜೊತೆ ನಕ್ಕರು. ನಾನು — ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

ಖರೆ ಕುದುರೆ ಅಲ್ಲ. ಸೀಸದ್ದು, ನನ್ನ ಹೆಬ್ಬೆರಳಿನಷ್ಟು ಎತ್ತರ. ಅಷ್ಟಕ್ಕೆ ಇಷ್ಟು ಮಾತೇ ಎಂದು ನಿಮಗೆ ಅನ್ನಿಸಬಹುದು. ಮೊದಲು ಆ ಆಟ ಏನೆಂದು ಹೇಳುತ್ತೇನೆ. ಎರಡನೇ ಇಯತ್ತೆ ಓದಿದವಳು ನಾನು, ಬರೆಯುವುದು ತಡವಾಗುತ್ತದೆ. ಆದರೆ ಆ ಆಟ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಿಗೆ ಮೂಲ.

ನನ್ನ ಗಂಡ ಪ್ರವಾಸಿಗಳಿಗೆ ಮೇಣಬಸದಿಯ ಗುಹೆ ತೋರಿಸುವ ಗೈಡ್. ಎಪ್ಪತ್ತರ ದಶಕದ ಮೊದಲಲ್ಲಿ ಒಬ್ಬ ಬಿಳಿಯ ಮನುಷ್ಯ ಬಂದು ಇಡೀ ಚಳಿಗಾಲ ಲಾಡ್ಜಿನಲ್ಲಿ ಉಳಿದ. ಹಗಲು ಕೋಟೆಯ ಚಿತ್ರ ಬರೆಯುತ್ತಿದ್ದ. ಸಂಜೆಗೆ ಮೇಜಿನ ಮೇಲೆ ಸಣ್ಣ ಸಣ್ಣ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ, ತಾನೊಬ್ಬನೇ ಯುದ್ಧ ಆಡುತ್ತಿದ್ದ. ನಮ್ಮವರು ಚಹಾ ಕೊಡಲು ಹೋದವರು ಅಲ್ಲೇ ನಿಂತುಬಿಡುತ್ತಿದ್ದರು. ಊರಿಗೆ ಹೋಗುವಾಗ ಅವನು ಎಂಟು ಸಿಪಾಯಿಗಳನ್ನೂ ಒಂದು ತೆಳ್ಳಗಿನ ಪುಸ್ತಕವನ್ನೂ ಇವರ ಕೈಗೆ ಕೊಟ್ಟು ಹೋದ.

ಪುಸ್ತಕ ಇಂಗ್ಲಿಷಿನದು. ನಮ್ಮವರದು ಬಾಯಿ ಇಂಗ್ಲಿಷು. ಡಿಕ್ಷನರಿ ಇಟ್ಟುಕೊಂಡು ಓದಲು ಒಂದು ವರ್ಷ ಹಿಡಿಯಿತು. ತಿಳಿಯದ ಕಡೆ ಹುಸೇನಸಾಬರು ತಮ್ಮದೇ ಕಾಯಿದೆ ಮಾಡಿದರು. ಹುಸೇನಸಾಬರೆಂದರೆ ಇವರ ಬಾಲ್ಯದ ಗೆಳೆಯ, ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ ಅವರದು. ಬಳಪದ ಕಲ್ಲಿನಲ್ಲಿ ಅಚ್ಚು ಕೊರೆದು, ಸೀಸ ಕರಗಿಸಿ ಹೊಯ್ದು, ಎರಡು ದಂಡು ಮಾಡಿದರು. ಒಂದು ಚಾಲುಕ್ಯರದು, ಒಂದು ಪಲ್ಲವರದು. ಪುಸ್ತಕದಲ್ಲಿ ಗುಂಡು ಹಾರಿಸುವ ತೋಪು ಇತ್ತು. ‘ಆಗ ತೋಪ ಎಲ್ಲಿದ್ದೂವಲೇ?’ ಎಂದು ಅದರ ಬದಲು ಆನೆ ಮಾಡಿದರು. ಬಂಡಿಗೆ ಬಳಿದು ಉಳಿದ ಬಣ್ಣವನ್ನು ಕಡ್ಡಿಗೆ ಹತ್ತಿ ಸುತ್ತಿ ಬಳಿದರು. ಒಂದೊಂದು ಸಿಪಾಯಿಗೂ ಮೀಸೆ ಇತ್ತು.

ನಮ್ಮ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಹಳೆಯ ಬಾಗಿಲನ್ನು ಎರಡು ಪೆಟ್ಟಿಗೆಯ ಮೇಲೆ ಅಡ್ಡ ಇಟ್ಟು ಅದರ ಮೇಲೆ ಬಾದಾಮಿ ಕಟ್ಟಿದರು. ಗುಡ್ಡಕ್ಕೆ ಕೆಂಪು ಕಲ್ಲಿನ ಚಕ್ಕೆ. ಗಿಡಕ್ಕೆ ಜಾಲಿಯ ಟೊಂಗೆ. ಕೆರೆಗೆ ನನ್ನ ಹರಿದ ಇಳಕಲ್ ಸೀರೆಯ ನೀಲಿ ತುಂಡು. ದಾಳ ಸಿಗಲಿಲ್ಲವೆಂದು ನನ್ನ ಚೌಕಾಬಾರದ ಕವಡೆಗಳನ್ನೂ ಎತ್ತಿಕೊಂಡು ಹೋದರು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಹುಸೇನಸಾಬರು ಬರುತ್ತಿದ್ದರು. ಕಾಲಾಳು ನಾಲ್ಕು ಬೆರಳು ನಡೆಯಬಹುದು, ಕುದುರೆ ಎಂಟು ಬೆರಳು. ಮೊದಲ ಜಗಳವೇ ಬೆರಳಿನ ಮೇಲೆ.

“ನಿನ್ನ ಬೆರಳ ಬಾಳಿಹಣ್ಣ ಆಗ್ಯಾವಲೇ ಮಲ್ಲೇಶಿ! ನಿನ್ನ ಎಂಟ ಬೆರಳಂದ್ರ ಕುದುರಿ ಗುಳೇದಗುಡ್ಡ ಮುಟ್ಟತೈತಿ.”

“ನಿನ್ನವು ಕಲಾಯಿ ಹೊಗಿ ಕುಡದ ಕಡ್ಡಿ ಆಗ್ಯಾವ. ಅದಕ್ಕ ನಾ ಏನ್ ಮಾಡ್ಲಿ?”

ಕೊನೆಗೆ ಇಬ್ಬರೂ ಅಡುಗೆಮನೆಗೆ ಬಂದರು. “ಗಂಗಕ್ಕಾ, ಕೈ ತೋರಸ್ರಿ” ಎಂದರು ಹುಸೇನಸಾಬರು. ಹಿಟ್ಟಿನ ಕೈ ತೊಳೆದು ಚಾಚಿದೆ. ನನ್ನ ಬೆರಳಿನ ಅಳತೆಗೆ ದಾರದಲ್ಲಿ ಗಂಟು ಹಾಕಿಕೊಂಡು ಹೋದರು. ಅಂದಿನಿಂದ ಎರಡೂ ದಂಡು ನನ್ನ ಬೆರಳಿನ ಲೆಕ್ಕದಲ್ಲಿ ನಡೆದವು.

ಅವು ಒಳ್ಳೆಯ ದಿನಗಳು. ಹೇಳಿದರೆ ಏನು, ಸುಳ್ಳಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಆ ಕೆಂಪು ಚಕ್ಕೆಗಳ ಮೇಲೆ ಬೀಳುತ್ತಿತ್ತು. ಕವಡೆ ಉರುಳುವ ಸಪ್ಪಳ, ಇಬ್ಬರು ಗಂಡಸರು ಮೊಣಕಾಲೂರಿ ಕುಳಿತು ಒಬ್ಬರನ್ನೊಬ್ಬರು ಬೈಯುವ ಸಪ್ಪಳ. ನಮಗೆ ಮಕ್ಕಳಾಗಲಿಲ್ಲ. ಆ ಕೋಣೆಯಲ್ಲಿ ಮಾತ್ರ ವಾರಕ್ಕೊಮ್ಮೆ ಗದ್ದಲ ಇರುತ್ತಿತ್ತು. ಹುಸೇನಸಾಬರು ಯಾವಾಗಲೂ ಪಲ್ಲವ. ಯಾವಾಗಲೂ ಬಾದಾಮಿ ಸುಡುತ್ತಿದ್ದರು. “ಸಾಲಿ ಪುಸ್ತಕದಾಗೂ ನಾವ ಗೆದ್ದೇವಿ, ನಿನ್ನ ಬಾಗಲಾ ಮ್ಯಾಲೂ ನಾವ ಗೆದ್ದೇವಿ” ಎಂದು ನಗುತ್ತಿದ್ದರು. ನಮ್ಮವರು ಆರು ವರ್ಷ ಸೋತರು. ಸೋತು ಸೋತು ಚಹಾ ಕುಡಿದರು.

ನಾನು ಬಾಗಿಲ ಹತ್ತಿರ ಕಾಳು ಆರಿಸುತ್ತ ನೋಡುತ್ತಿದ್ದೆ. ಆರು ವರ್ಷ ನೋಡಿದರೆ ಕಲ್ಲಿಗೂ ತಿಳಿಯುತ್ತದೆ. ಇವರು ಎಲ್ಲಿ ತಪ್ಪುತ್ತಾರೆಂದು ನನಗೆ ಕಾಣುತ್ತಿತ್ತು. ಕುದುರೆಗಳನ್ನು ಜೋಪಾನ ಮಾಡುತ್ತಿದ್ದರು — ಎಲ್ಲಿ ಸತ್ತಾವೋ ಎಂದು ಗುಡ್ಡದ ಹಿಂದೆ ಅಡಗಿಸಿ ಇಡುತ್ತಿದ್ದರು. ಒಂದು ದಿನ ತಡೆಯಲಾರದೆ ಅಂದೆ:

“ಆ ಕುದುರಿ ಕೆರಿ ದಂಡಿಗೆ ತರ್ರಿ. ಗುಡ್ಡದ ಹಿಂದ ನಿಂತು ಏನ್ ಹುಲ್ಲ ತಿಂತಾವೇನು?”

ಹುಸೇನಸಾಬರು ತೊಡೆ ತಟ್ಟಿ ನಕ್ಕರು. “ಏ ಮಲ್ಲೇಶಿ! ಒಲಿ ಮುಂದಿಂದ ಸೇನಾಪತಿ ಎದ್ದ ಬಂದಾಳಲೇ!”

“ಚಾ ಇಡ ಹೋಗ,” ಎಂದರು ನಮ್ಮವರು. “ಇದು ರೊಟ್ಟಿ ಹಂಚಲ್ಲ.”

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನು ಹೋಗಿ ಚಹಾ ಇಟ್ಟೆ. ಆ ವಾರ ಕುದುರೆ ಗುಡ್ಡದ ಹಿಂದೆಯೇ ಸತ್ತವು. ಇಬ್ಬರಲ್ಲಿ ಒಬ್ಬರೂ ನನ್ನ ಮಾತು ನೆನೆಸಲಿಲ್ಲ. ಇದನ್ನು ನೆಪ ಎಂದು ಹೇಳುತ್ತಿಲ್ಲ. ಹೀಗಿತ್ತು, ಅಷ್ಟೆ.

ಮುಗಿಯದ ಆಟ ಮುಂದಿನ ಶುಕ್ರವಾರದ ತನಕ ಹಾಗೆಯೇ ಇರುತ್ತಿತ್ತು. ಇಲಿ ಓಡಾಡಿ ಏನಾದರೂ ಸರಿದರೆ ತಕರಾರು ಬೇಡವೆಂದು ಹುಸೇನಸಾಬರು ಪ್ರತಿಯೊಂದು ಗೊಂಬೆಯ ಸುತ್ತ ಸುಣ್ಣದ ಗೆರೆ ಎಳೆದು ಹೋಗುತ್ತಿದ್ದರು. ಒಂದೇ ಒಂದು ಸಲ ಎಳೆಯಲಿಲ್ಲ. ಆ ವರ್ಷ ಖಂಡೇಪೂಜೆ ಶುಕ್ರವಾರವೇ ಬಂದಿತ್ತು.

ಖಂಡೇಪೂಜೆಯ ದಿನ ನಮ್ಮ ಕಡೆ ಕೊಡಲಿ, ಕುಡುಗೋಲು, ತಕ್ಕಡಿ, ಏನು ಹಿಡಿದು ದುಡಿಯುತ್ತೇವೋ ಅದನ್ನು ಪೂಜೆಗೆ ಇಡುತ್ತೇವೆ. ಇಟ್ಟ ಮೇಲೆ ಮರುದಿನ ಬನ್ನಿಯ ತನಕ, ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ತನಕ, ಯಾರೂ ಮುಟ್ಟುವಂತಿಲ್ಲ. ಹುಸೇನಸಾಬರೂ ಪ್ರತಿ ವರ್ಷ ತಮ್ಮ ತಿದಿ, ಇಕ್ಕಳ ಪೂಜೆಗಿಡುತ್ತಿದ್ದರು. ಆ ಶುಕ್ರವಾರ ಆಟ ಅರ್ಧಕ್ಕೆ ಬಂದಿತ್ತು. ನಮ್ಮವರಿಗೆ ಹುಕಿ ಬಂತು. “ಇವೂ ಆಯುಧನ ಅಲ್ಲೇನು?” ಎಂದು ಎರಡೂ ದಂಡಿನ ಮೇಲೆ ವಿಭೂತಿ ಉದುರಿಸಿ, ಸೇವಂತಿಗೆ ಏರಿಸಿ, ಮಗ್ಗುಲಿಗೆ ಎಣ್ಣೆಯ ದೀಪ ಹಚ್ಚಿದರು. ಹುಸೇನಸಾಬರು ಸುಣ್ಣದ ತುಂಡನ್ನು ಕಿಸೆಗೆ ಹಾಕಿಕೊಂಡರು. “ಇವತ್ತ ಗೆರಿ ಯಾಕ? ಪೂಜಿಗಿಟ್ಟದ್ದು ಯಾರ ಮುಟ್ಟತಾರ?” ಎಂದರು. ಆಮೇಲೆ ತಮ್ಮ ಅಂಗಡಿಯ ಪೂಜೆಗೆ ಹೋದರು. ಇವರು ಬಸ್ ನಿಲ್ದಾಣಕ್ಕೆ, ಜೀಪುಗಳ ಪೂಜೆ ನೋಡಲು.

ದೀಪ ಆರಬಾರದು. ಎಣ್ಣೆ ಹಾಕುವುದು ನನ್ನ ಕೆಲಸ. ಎಣ್ಣೆಯ ಗಿಂಡಿ ಹಿಡಿದು ಒಳಗೆ ಹೋದೆ. ಹಾಕಿದೆ. ಹೊರಗೆ ಬರಬೇಕಾಗಿತ್ತು.

ನೋಡಿದೆ. ಆರು ವರ್ಷದಲ್ಲಿ ಮೊದಲ ಸಲ ಇವರು ಗೆಲ್ಲುವ ಹಾಗೆ ಇತ್ತು. ಪಲ್ಲವರ ನಿಶಾನೆಯ ಆನೆ ಕೆರೆಯ ದಂಡೆಯಲ್ಲಿ ಒಂಟಿಯಾಗಿ ನಿಂತಿತ್ತು. ಅದನ್ನು ಮುಟ್ಟಿದರೆ ಆಟ ಮುಗಿಯಿತು. ಇವರ ಮೂರು ಕುದುರೆ ಗುಡ್ಡದ ಹಿಂದೆ. ಆನೆಗೂ ಕುದುರೆಗೂ ನಡುವೆ ಹತ್ತು ಬೆರಳು. ಕುದುರೆ ಓಡುವುದು ಎಂಟು. ನನಗೆ ದಾರ ಬೇಕಾಗಿರಲಿಲ್ಲ, ಕೈ ಇಟ್ಟರೆ ತಿಳಿಯುತ್ತಿತ್ತು. ಇವರು ಹಿಂದಿನ ಸರದಿಯಲ್ಲಿ ಅಂಜದೆ ಎರಡು ಬೆರಳು ಮುಂದೆ ತಂದಿದ್ದರೆ —

ಒಂದನ್ನು ಸರಿಸಿದೆ. ಆಮೇಲೆ ಉಳಿದೆರಡನ್ನು. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಂಡ ಗೆಲ್ಲಲಿ ಎಂದೇ? ಅಲ್ಲ. ಹಾಗಂದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ, ಅದಕ್ಕೆ ಅನ್ನುವುದಿಲ್ಲ. ನನಗೆ ಆಡಬೇಕಾಗಿತ್ತು. ಒಂದು ಸಲ, ನನ್ನ ಕೈಯಿಂದ. ಅಷ್ಟೇ ಇತ್ತು ಎನ್ನಿಸುತ್ತದೆ. ಮರುಗಳಿಗೆಗೆ ತಿರುಗಿ ಹಿಂದೆ ಇಡಬಹುದಾಗಿತ್ತು. ಇಡಲಿಲ್ಲ.

ಬನ್ನಿಯ ದಿನ ಬೆಳಿಗ್ಗೆ ಹುಸೇನಸಾಬರು ಬನ್ನಿ ಎಲೆ ಹಿಡಿದೇ ಬಂದರು. ಮೊದಲು ಆಟ ಮುಗಿಸಿ ಆಮೇಲೆ ಬಂಗಾರ ಕೊಡೋಣ ಎಂದರು. ನಾನು ಬನ್ನಿಯ ತಾಟು ಹಿಡಿದು ಬಾಗಿಲಲ್ಲಿ ನಿಂತೆ. ನಮ್ಮವರು ದಾರ ಹಿಡಿದರು. ಆನೆಗೆ ಮುಟ್ಟಿತು. ಅವರಿಗೇ ಆಶ್ಚರ್ಯ. ಇನ್ನೊಮ್ಮೆ ಹಿಡಿದರು, ಮುಟ್ಟಿತು. “ಲೇ ಹುಸೇನಾ —” ಎಂದು ಬಾಯಿ ತುಂಬ ನಗು ಬರುವಷ್ಟರಲ್ಲಿ ಹುಸೇನಸಾಬರು ಬಗ್ಗಿ ಹಲಗೆಯನ್ನು ನೋಡುತ್ತಿದ್ದರು.

ಎಲ್ಲ ಕಡೆ ವಿಭೂತಿ ಬಿದ್ದಿತ್ತು. ಗುಡ್ಡದ ಹಿಂದೆ ಮೂರು ಕಡೆ, ರೂಪಾಯಿಯಷ್ಟು ಅಗಲ, ಬಿದ್ದಿರಲಿಲ್ಲ. ಕುದುರೆ ನಿಂತಿದ್ದ ಜಾಗ. ನನಗೆ ಅದು ಹೊಳೆದಿರಲೇ ಇಲ್ಲ.

ನಮ್ಮವರು ಒಂದು ಕುದುರೆ ಎತ್ತಿದರು. ಅದರ ಬೆನ್ನಿನ ಮೇಲೆ ಎಣ್ಣೆಯ ಬೆರಳಿನ ಗುರುತು. ವಿಭೂತಿ ಅಂಟಿಕೊಂಡು ಎದ್ದು ಕಾಣುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿದರು. ಒಂದೇ ಸಲ. ನೋಡಿ, ಧೋತರದ ತುದಿಯಿಂದ ಆ ಕುದುರೆಯನ್ನು ಒರೆಸಿದರು.

“ಯಾಕ ಒರಸ್ತೀ?” ಎಂದರು ಹುಸೇನಸಾಬರು.

ಇವರು ಎರಡನೆಯದನ್ನೂ ಎತ್ತಿ ಒರೆಸಿದರು.

“ಮನ್ಯಾಗ ನೀವಿಬ್ಬರ ಇರೂದು. ಯಾರ ಸರಿಸ್ಯಾರ?”

“ನಾನ ಸರಿಸೇನಿ,” ಎಂದರು ನಮ್ಮವರು.

ನಾನು ಬಾಯಿ ತೆರೆಯಬಹುದಾದ ಹೊತ್ತು ಅದು. ತಾಟು ಹಿಡಿದಿದ್ದೆ. ನಿಂತಿದ್ದೆ.

ಹುಸೇನಸಾಬರು ಎದ್ದು ನಿಂತರು. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದರು: “ಪೂಜಿ ನಂಬಿ ನಾ ಗೆರಿ ಹಾಕಲಿಲ್ಲಲೇ ಮಲ್ಲೇಶಿ. ನಿನ್ನ ದೇವರನ್ನ ನಾ ನಂಬಿದ್ನಿ. ನೀ ನಂಬಲಿಲ್ಲ.”

ಕೈಯಲ್ಲಿದ್ದ ಬನ್ನಿ ಎಲೆಗಳನ್ನು ಇವರಿಗೆ ಕೊಡಲಿಲ್ಲ. ನನ್ನ ತಾಟಿನಲ್ಲಿ ಹಾಕಿದರು. “ಗಂಗಕ್ಕಾ, ನೀವು ತಗೋರಿ. ನಿಮ್ಮದೇನ್ ತಪ್ಪಿಲ್ಲ” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ತೆಗೆದುಕೊಂಡೆ.

ಮಾತು ಪೇಟೆಯಲ್ಲಿ ಹಬ್ಬಿತು. ಆಟಕ್ಕಾಗಿ ಪೂಜೆ ಕೆಡಿಸಿದ ಮನುಷ್ಯ ಎಂದರು. ಜೀಪಿನವರು ಹೆಸರಿಟ್ಟರು. ಪ್ರವಾಸಿಗಳ ಮುಂದೆಯೇ “ಏನೋ ಕುದುರಿಗಳ್ಳ, ಇವತ್ತ ಎಷ್ಟ ಸರಿಸಿದಿ?” ಎನ್ನುತ್ತಿದ್ದರು. ಮುಂದಿನ ವರ್ಷ ಹುಸೇನಸಾಬರು ಅಂಗಡಿ ಎತ್ತಿಕೊಂಡು ಕುಳಗೇರಿ ಕ್ರಾಸಿಗೆ ಹೋದರು. ಬಸ್ಸಿಗೆ ಒಂದು ತಾಸೂ ಹಿಡಿಯುವುದಿಲ್ಲ. ಇಬ್ಬರೂ ಒಬ್ಬರ ಕಡೆಗೊಬ್ಬರು ಹೋಗಲಿಲ್ಲ. ಸಿಪಾಯಿಗಳನ್ನು ನಮ್ಮವರು ಒಂದು ಡಬ್ಬಿಯಲ್ಲಿ ಹತ್ತಿ ಇಟ್ಟು ತುಂಬಿದರು. ಆಟದ ಆ ಹಳೆಯ ಬಾಗಿಲ ಮೇಲೆ ನಾನು ಹಪ್ಪಳ ಒಣಗಿಸಿದೆ.

ಆ ಮಾತನ್ನು ನಮ್ಮವರು ನನ್ನ ಮುಂದೆ ಎತ್ತಲೇ ಇಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅಂದರು:

“ನೀ ಸರಿಸಿದ್ದೆಲಾ, ಆ ಜಾಗಾ ಬರೋಬ್ಬರಿ ಇತ್ತು. ಮೊದಲ ನಾನ ಅಲ್ಲಿಡಬೇಕಿತ್ತು.”

ಅವರು ಆಡಿದ ಆರು ವರ್ಷವೂ ಆ ಮಾತಿಗೆ ಕಾದಿದ್ದೆ. ಬಂದಾಗ ಗಂಜಿಯ ಬಟ್ಟಲು ಹಿಡಿದು ಎದ್ದು ಒಳಗೆ ಹೋದೆ. ಹುಸೇನಸಾಬರನ್ನು ಕರೆಸಲೇ ಎಂದು ಕೇಳಬಹುದಾಗಿತ್ತು. ಅದನ್ನೂ ಕೇಳಲಿಲ್ಲ.

ನಮ್ಮವರ ಮಣ್ಣಿಗೆ ಹುಸೇನಸಾಬರು ತಾವಾಗಿಯೇ ಬಂದರು. ಗಡ್ಡ ಬೆಳ್ಳಗಾಗಿತ್ತು. ದೂರ ನಿಂತು, ಎಲ್ಲರೂ ಮುಗಿಸಿದ ಮೇಲೆ ಒಂದು ಹಿಡಿ ಮಣ್ಣು ಹಾಕಿದರು. ಮನೆಗೆ ಬಂದು ನನ್ನ ಮುಂದೆ ಕುಳಿತು ಕಣ್ಣು ಒರೆಸಿಕೊಂಡರು.

“ಭಾಳ ಛಲೋ ಮನಷ್ಯಾ, ಗಂಗಕ್ಕಾ. ಅದೊಂದ ತಪ್ಪ ಬಿಟ್ರ ಅಂವಗ ಹೆಸರಿಡಾಕ ಏನೂ ಇಲ್ಲ.”

“ಹೌದ್ರಿ,” ಎಂದೆ ನಾನು.

ಕುದುರೆ ಸರಿಸಿದ್ದು ಹುಡುಗಾಟ ಎಂದು ಯಾರಾದರೂ ಅಂದಾರು. ಹಲಗೆಯ ಮುಂದೆ ಸುಮ್ಮನಿದ್ದದ್ದು ಅಂಜಿಕೆ ಎಂದಾರು. ಈ ‘ಹೌದ್ರಿ’ಗೆ ಹೆಸರಿಲ್ಲ. ಗಂಡ ಮಣ್ಣಲ್ಲಿದ್ದಾರೆ, ಇನ್ನು ಅವರಿಗೆ ಏನೂ ತಟ್ಟುವುದಿಲ್ಲ ಎಂದುಕೊಂಡೆನೋ, ಅಥವಾ ಆ ಮನುಷ್ಯ ನನ್ನನ್ನು ಅಕ್ಕ ಎಂದು ಕರೆಯುವುದು ನಿಂತೀತು ಎಂದು — ಬಿಡಿ. ಅಂದದ್ದು ಅಂದೆ.

ಹುಸೇನಸಾಬರು ಇನ್ನೂ ಇದ್ದಾರೆ. ಅಂಗಡಿ ಮಗ ನೋಡುತ್ತಾನೆ, ಅವರು ಮುಂದಿನ ಬೆಂಚಿನ ಮೇಲೆ ಕುಳಿತಿರುತ್ತಾರಂತೆ. ಕಣ್ಣು ಮಂದವಾಗಿವೆ, ಇದನ್ನು ಓದಲಾರರು. ಹಾಗಾಗಿ ನಾನೇ ಹೋಗಿ ಬಾಯಿಂದ ಹೇಳಬೇಕು. ಈ ವಾರವೇ ಕುಳಗೇರಿ ಕ್ರಾಸಿನ ಬಸ್ಸು ಹತ್ತುತ್ತೇನೆ. ಅಂಗಡಿಯಲ್ಲಿ ಗಿರಾಕಿ ತುಂಬಿದ ಹೊತ್ತು ನೋಡಿ ಹೋಗುತ್ತೇನೆ. ಒಬ್ಬರೇ ಇದ್ದಾಗ ಹೇಳಿದರೆ, ಆ ಮನುಷ್ಯ ನನ್ನ ಮರ್ಯಾದೆ ಕಾಯಲಿಕ್ಕೆ ಯಾರಿಗೂ ಹೇಳದೆ ಇದ್ದುಬಿಟ್ಟಾರು.