ಒಂದು ದಿನ ತಡವಾಗಿ ಬಂದ ವಾಂತಿ

ನಾನು ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದ ಎರಡನೇ ವರ್ಷ ಅತ್ತೆಗೆ ಅಂಡಾಶಯದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಪರೇಷನ್ ಆದ ಮೇಲೆ ತಿಂಗಳಿಗೊಮ್ಮೆಯಂತೆ ಆರು ಸಲ ಡ್ರಿಪ್‌ನಲ್ಲಿ ಔಷಧಿ ಹಾಕಬೇಕೆಂದರು. ಅತ್ತೆ ಹೊಸಹಳ್ಳಿಯ ಒಕ್ಕಲು ಮನೆತನದವರು. ಅಲ್ಲಿ ಬಡಾವಣೆ ಏಳುವ ಮೊದಲು ಸೊಪ್ಪು ಬೆಳೆದು, ಬುಟ್ಟಿ ಹೊತ್ತು ಮಾರಿದ್ದವರು. ಹಗಲು ಹೊತ್ತು ಅವರು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮೊದಲ ಸಲ ಔಷಧಿ ಹಾಕಿಸಿಕೊಂಡು, ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು, ಮಾರನೆಯ ಬೆಳಿಗ್ಗೆ ಮನೆಗೆ ಬಂದರು. ಅಕ್ಕಪಕ್ಕದ ಹಾಸಿಗೆಯವರೆಲ್ಲ ವಾಂತಿ ಮಾಡುತ್ತಿದ್ದರಂತೆ. ಇವರಿಗೆ ಏನೂ ಆಗಿರಲಿಲ್ಲ. ಆಟೋದಿಂದ ತಾವೇ ಇಳಿದು, ಹಸಿವು ಎಂದರು. ಬಿಸಿ ಅನ್ನಕ್ಕೆ ಸೊಪ್ಪಿನ ಸಾರು ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ಉಂಡರು. ನಮ್ಮ ಯಜಮಾನರು ಮಾತ್ರೆಯ ಪೊಟ್ಟಣವನ್ನು ಗೂಡಿನಲ್ಲಿಟ್ಟು, ವಾಂತಿಗೆ ಕೊಟ್ಟಿದ್ದಾರೆ ಎಂದರು. ವಾಂತಿಯೇ ಇಲ್ಲದ ಮೇಲೆ ಮಾತ್ರೆ ಯಾಕೆ ಎಂದು ನಾವಿಬ್ಬರೂ ಅದನ್ನು ಮುಟ್ಟಲಿಲ್ಲ.

ಅವತ್ತು ಸಂಜೆ ಶುರುವಾಯಿತು. ಎರಡು ದಿನ ಗುಟುಕು ನೀರೂ ನಿಲ್ಲಲಿಲ್ಲ. ಆಗ ಕೊಟ್ಟ ಮಾತ್ರೆ ನುಂಗಿದ ಹಾಗೇ ಹೊರಗೆ ಬಂತು. ನನಗೆ ತಲೆಬುಡ ತಿಳಿಯಲಿಲ್ಲ. ಔಷಧಿಯಿಂದ ಆಗುವುದಾದರೆ ಔಷಧಿ ಹಾಕಿದ ದಿನವೇ ಆಗಬೇಕಿತ್ತಲ್ಲ? ಮೂರನೇ ದಿನ ಬಸವಳಿದ ಅವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಹಾಕಿಸಿದೆವು.

ಕಾಮಾಕ್ಷಿಪಾಳ್ಯದಿಂದ ನಾದಿನಿ ಓಡಿ ಬಂದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದವಳು, ಮಾತು ಕಡಿಮೆ. ತಾಯಿಯ ಬೆನ್ನು ಸವರಿ, ಅಡುಗೆಮನೆಗೆ ಬಂದು ನಿಂತಳು.

“ಅಮ್ಮ ಆಸ್ಪತ್ರೇಲಿ ಚೆನ್ನಾಗೇ ಇದ್ರಲ್ಲ ಅತ್ತಿಗೆ. ಮನೆಗ್ ಬಂದು ಏನ್ ತಿಂದ್ರು?”

ಅದೇ ಸಾರನ್ನು ನಾನೂ ಉಂಡಿದ್ದೆ, ನನಗೇನೂ ಆಗಿರಲಿಲ್ಲ. ಆದರೂ ಸೊಪ್ಪು ಸರಿಯಾಗಿ ತೊಳೆದೆನೋ ಇಲ್ಲವೋ ಎಂದು ನನಗೇ ಅನುಮಾನ ಹತ್ತಿತ್ತು. ಅವಳು ಹೋದ ಮೇಲೆ ತೊಟ್ಟಿಯ ನೀರೆಲ್ಲ ಚೆಲ್ಲಿ, ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ.

ಎರಡನೇ ಸಲ ಡ್ರಿಪ್ ಹಾಕಿಸಿಕೊಂಡು ಬಂದಾಗ ಕುದಿಸಿ ಆರಿಸಿದ ನೀರು, ಉಪ್ಪು ಹಾಕಿದ ಗಂಜಿ, ಇಷ್ಟೇ ಕೊಟ್ಟೆ. ಮಾರನೆಯ ದಿನ ಸಂಜೆ ಮತ್ತೆ ಅದೇ. ಗಂಜಿಯಲ್ಲಿ ಏನು ತಪ್ಪು ಹುಡುಕಲಿ? ಒಗ್ಗರಣೆಯ ವಾಸನೆಯೋ, ಸೀಮೆಎಣ್ಣೆ ಸ್ಟೌವಿನದೋ, ನನ್ನ ಕೈಯಡುಗೆಯೇ ಅವರಿಗೆ ಆಗದೋ ಎಂದೆಲ್ಲ ಯೋಚಿಸಿದೆ. ನಾಲ್ಕನೇ ದಿನ ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು:

“ಇನ್ ಆ ಡ್ರಿಪ್ ಬೇಡ ಕಣೇ. ಅದಕ್ಕಿಂತ ಕಾಯಿಲೆನೇ ವಾಸಿ.”

ಮೂರನೇ ಸಲ ಅವರನ್ನು ಬೇಡಿಕೊಂಡು ಒಪ್ಪಿಸಿ, ಜೊತೆಗೆ ನಾನೇ ಹೋದೆ. ವಾರ್ಡಿನ ವಯಸ್ಸಾದ ನರ್ಸಿನ ಮುಂದೆ ಎಲ್ಲ ಹೇಳಿಕೊಂಡೆ. ನನ್ನ ಅಡುಗೆಯಿಂದ ಹೀಗಾಗುತ್ತಿರಬಹುದೇ ಎಂದೂ ಕೇಳಿದೆ. ಅವರು ಹಿಂದಿನ ಸಲದ ಮಾತ್ರೆ ಎಷ್ಟು ಉಳಿದಿದೆ ಎಂದರು. ಚೀಲದಿಂದ ತೆಗೆದು ತೋರಿಸಿದೆ. ಹೆಚ್ಚುಕಮ್ಮಿ ಹಾಗೇ ಇತ್ತು.

“ಯಾಕಮ್ಮ ಕೊಟ್ಟಿಲ್ಲ?”

“ವಾಂತಿ ಇರ್ಲಿಲ್ಲ ಸಿಸ್ಟರ್. ಶುರುವಾದ್ಮೇಲೆ ಕೊಟ್ಟೆ, ನಿಲ್ಲಲಿಲ್ಲ.”

“ಇದು ಬಂದ್ಮೇಲೆ ಕೊಡೋದಲ್ಲ, ಬರ್ದೇ ಇರ್ಲಿ ಅಂತ ಕೊಡೋದು. ಡ್ರಿಪ್‌ನಲ್ಲಿ ಹಾಕೋ ಔಷಧಿ ಕೆಲವ್ರಿಗೆ ಅವತ್ತೇ ವಾಂತಿ ತರುತ್ತೆ, ಕೆಲವ್ರಿಗೆ ಒಂದ್ ದಿನ ಬಿಟ್ಟು ತರುತ್ತೆ. ಚೆನ್ನಾಗಿದಾರೆ ಅಂತ ಮಾತ್ರೆ ನಿಲ್ಲಿಸ್ಬೇಡಿ.”

ಡಾಕ್ಟರರು ಇನ್ನೊಂದು ಬಗೆಯ ಮಾತ್ರೆಯನ್ನೂ ಸೇರಿಸಿ, ನಾಲ್ಕು ದಿನ ಯಾವ ಹೊತ್ತಿಗೆ ಯಾವುದು ಎಂದು ಬರೆದುಕೊಟ್ಟರು. ಚೀಟಿಯನ್ನು ಕ್ಯಾಲೆಂಡರಿಗೆ ಸಿಕ್ಕಿಸಿದೆ. ಮನೆಗೆ ಬಂದ ಅತ್ತೆ ಚೆನ್ನಾಗಿಯೇ ಇದ್ದರು. ಚೆನ್ನಾಗಿರುವವರಿಗೆ ಮಾತ್ರೆ ಕೊಡುವಾಗ, ಇಲ್ಲದ ವಾಂತಿಯನ್ನು ನಾನೇ ಕರೆದು ತರುತ್ತಿದ್ದೇನೋ ಎಂದು ಕೈ ಹಿಂಜರಿಯುತ್ತಿತ್ತು. ಆದರೂ ಕೊಟ್ಟೆ. ಅವತ್ತಿನ ಸಂಜೆ ಕಳೆಯಿತು, ಏನೂ ಆಗಲಿಲ್ಲ. ಮೂರನೇ ದಿನ ಒಮ್ಮೆ ವಾಂತಿಯಾಯಿತು. ಹೊಟ್ಟೆ ತೊಳಸುವುದು ಪೂರ್ತಿ ಹೋಗಲಿಲ್ಲ, ಆದರೆ ಗಂಜಿ ನಿಂತಿತು, ನೀರು ನಿಂತಿತು.

ನಾದಿನಿ ಬಂದಾಗ ನರ್ಸ್ ಹೇಳಿದ್ದನ್ನೆಲ್ಲ ಹೇಳಿದೆ. “ನಂಗೂ ಗೊತ್ತಾಗ್ಲಿಲ್ಲ ಅತ್ತಿಗೆ,” ಎಂದಳು. ಅವತ್ತಿನ ಅಡುಗೆ ತಾನೇ ಮಾಡಿದಳು.

ಅತ್ತೆ ಆರೂ ಸಲ ಮುಗಿಸಿದರು, ಆಮೇಲೆ ಹಲವು ವರ್ಷ ಬದುಕಿದರು. ಮೈಗೆ ಹೋದ ಔಷಧಿ ಒಂದು ದಿನ ಸುಮ್ಮನಿದ್ದು ಆಮೇಲೆ ಯಾಕೆ ಕಾಡುತ್ತದೆ ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ನರ್ಸ್ ಹೇಳಿದ್ದನ್ನೇ ಮತ್ತೆ ಹೇಳಿದೆ. ಅವರು ತಲೆಯಾಡಿಸಿದರು. ಯಾಕೆಂಬುದು ಇಬ್ಬರಿಗೂ ಅರ್ಥವಾಗಿರಲಿಲ್ಲ.