ಬುದ್ಧನ ಹತ್ತಿರ ಹೂ ಕೇಳಿದ್ದು

ನಮ್ಮ ಕುದೇರಿನ ಕಡೆ ಹೂ ಕೇಳದೆ ಯಾರೂ ಏನೂ ಮಾಡುವುದಿಲ್ಲ. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಎದುರು ಕೂತುಬಿಡುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ನೋಡಲು, ಬೋರ್‌ವೆಲ್ ಕೊರೆಸಲು, ಹಸು ಮಾರಲು, ಎಲ್ಲಕ್ಕೂ ಇದೇ. ಒದ್ದೆ ಹೂ ಒಣಗಿದರೆ ಬಿದ್ದೇ ಬೀಳುತ್ತದೆ ಎಂಬಷ್ಟು ಬುದ್ಧಿಯೂ ಈ ಜನಕ್ಕಿಲ್ಲವಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ನಾನು ಬದನಗುಪ್ಪೆಯ ಕಾರ್ಖಾನೆಯಲ್ಲಿ ಮಿಷನ್ ನೋಡಿಕೊಳ್ಳುವವನು. ಕಾರಣವಿಲ್ಲದೆ ಯಾವುದೂ ಬೀಳುವುದಿಲ್ಲ ಎಂದು ಬಲ್ಲವನು.

ಎರಡು ವರ್ಷದ ಹಿಂದೆ ಅವ್ವನ ಎದೆಯಲ್ಲಿ ಗಂಟು ಕಾಣಿಸಿತು. ನಾನು ಮತ್ತು ಅಕ್ಕನ ಗಂಡ ಸೇರಿ, ಬರೀ ರಿಪೋರ್ಟ್ ತೋರಿಸಲು ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇವತ್ತೇ ಸೇರಿಸಿ, ನಾಳೆ ಆಪರೇಷನ್, ತಡ ಮಾಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಒಪ್ಪಿಗೆಯ ಕಾಗದ ಮುಂದಿಟ್ಟರು. ಅವ್ವ ಜಗ್ಗಲಿಲ್ಲ.

“ಹೂ ಕೇಳ್ದೆ ನಾ ಕತ್ತಿ ಹಾಕುಸ್ಕಳಲ್ಲ. ಊರ್ಗ್ ಓಗನ ನಡೀರಿ.”

ಊರಿಗೆ ಹೋದರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಿತ್ತು. ಆಗ ಭಾವನ ತಲೆ ಓಡಿತು. ಓಡಬಾರದಿತ್ತು. ಪಕ್ಕದ ರಸ್ತೆಯ ಕಾಂಪೌಂಡಿನೊಳಗೆ ದೊಡ್ಡ ಅರಳಿ ಮರ ಕಂಡಿದ್ದನಂತೆ.

“ಅಲ್ಲೊಂದ್ ಹಳೇ ದೇವಸ್ಥಾನ ಐತೆ ಕಣತ್ತೆ, ಅಲ್ಲೇ ಕೇಳ್ಬುಡನ,” ಎಂದ.

ಅದು ನಗರದ ಹಳೆಯ ಬುದ್ಧ ವಿಹಾರ. ಬಾಗಿಲಲ್ಲೇ ಅದರ ಇತಿಹಾಸವನ್ನು ಕಲ್ಲಿನಲ್ಲಿ ಕೆತ್ತಿದ್ದರು. ಭಾವ ಆ ಕಲ್ಲಿಗೂ ಕೈಮುಗಿದ. ಒಳಗೆ ಗಂಟೆ ಹುಡುಕಿದ, ಇರಲಿಲ್ಲ. ತೀರ್ಥ ಕೇಳಿದ, ಕೊಡಲಿಲ್ಲ. ಸಿಟಿಯ ಒಂದಷ್ಟು ಜನ ದುಬಾರಿ ನೀರಿನ ಬಾಟಲಿ ಪಕ್ಕಕ್ಕಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಫೋನ್ ಗುಂಯ್ ಎಂದಾಗ ಒಂದು ಕಣ್ಣು ತೆರೆದು ನೋಡಿ ಮತ್ತೆ ಧ್ಯಾನಕ್ಕಿಳಿಯುತ್ತಿದ್ದರು. ನಮ್ಮೂರವರೂ ಅಷ್ಟೇ, ಇವರೂ ಅಷ್ಟೇ. ಮೂರ್ತಿಯ ಮೇಲೆ ಹೂ ಅಂಟಿಸಬೇಕು ಎಂದು ಭಾವ ಕೇಳಿದ್ದಕ್ಕೆ ಭಿಕ್ಷುವೊಬ್ಬರು ನಕ್ಕು, ಹೂವನ್ನು ಪೀಠದ ಮೇಲಷ್ಟೇ ಇಡಬೇಕು ಎಂದು ಹೇಳಿ ಹೋದರು.

ಅವ್ವ ಅದಕ್ಕೂ ಸರಿ ಎಂದಳು. ಪೀಠದ ಅಂಚಿನುದ್ದಕ್ಕೂ ಸೇವಂತಿಗೆ ಜೋಡಿಸಿ, ಎದುರು ಕೂತು ಕಣ್ಣು ಮುಚ್ಚಿದಳು. ಮುಕ್ಕಾಲು ಗಂಟೆ ಕಳೆಯಿತು. ಮಟ್ಟಸವಾದ ಕಲ್ಲಿನ ಮೇಲಿಟ್ಟ ಹೂ ಯಾಕೆ ಬೀಳುತ್ತದೆ? ಆಸೆ ಬಿಡಿ ಎಂದವನ ಮುಂದೆ ಕೂತು ಹೂ ಉದುರಿಸು ಎನ್ನುವವರಿಗೆ ಏನು ಹೇಳುವುದು?

“ಫ್ಯಾನ್ ಹಾಕುಸ್ಲೇನ್ಲಾ?” ಎಂದು ಭಾವ ನನ್ನ ಕಿವಿಯಲ್ಲಿ ಕೇಳಿದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ನೀವು ಬರದಿದ್ದರೆ ಹಾಸಿಗೆ ಬೇರೆಯವರಿಗೆ ಎಂದರು. ನಾನು ಎದ್ದು, ನಮಸ್ಕಾರ ಮಾಡುವವನಂತೆ ಪೀಠಕ್ಕೆ ಬಾಗಿ, ಬಲಗಡೆಯ ಕೊನೆಯ ಹೂವನ್ನು ಕಿರುಬೆರಳಿನಿಂದ ತಳ್ಳಿದೆ. ಬಿತ್ತು.

“ಅಯ್ಯಯ್ಯೋ, ಎಡಗಡೇದು ಬಿದ್ಬುಡ್ತಲ್ಲಪ್ಪೋ!” ಎಂದು ಭಾವ ತಲೆಯ ಮೇಲೆ ಕೈ ಹೊತ್ತ.

ಬಲ ಎಂದರೆ ದೇವರ ಬಲ. ಎದುರು ನಿಂತವನಿಗೆ ಅದು ಎಡ. ನಮ್ಮೂರಿನ ಎಳೆಮಕ್ಕಳಿಗೂ ಗೊತ್ತಿರುವ ಸಂಗತಿ. ಹೂ ಕೇಳುವಾಗೆಲ್ಲ ಮೂಗು ಮುರಿದು ಗುಡಿಯ ಹೊರಗೆ ನಿಲ್ಲುತ್ತಿದ್ದ ಬುದ್ಧಿವಂತ ನಾನು ಅಷ್ಟನ್ನೂ ಕಲಿತಿರಲಿಲ್ಲ. ಬೇಡ ಎಂಬ ಉತ್ತರವನ್ನು ಅವ್ವನಿಗೆ ನನ್ನ ಕೈಯಾರೆ ಕೊಟ್ಟಿದ್ದೆ.

ತಿರುಗಿದರೆ ಅವ್ವನ ಕಣ್ಣು ತೆರೆದಿತ್ತು. ಅವಳು ಹೂವನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು.

“ಅದು ದೇವ್ರು ಬೀಳ್ಸಿದ್ದಲ್ಲ, ಸುಮ್ನಿರಿ ಅಳಿಮಯ್ಯ,” ಎಂದಳು. ಆಮೇಲೆ ನನಗೆ, “ಅಷ್ಟೊಂದ್ ಭಯ್ವೇನ್ಲಾ ನಿಂಗೆ, ನಾ ಸತ್ತೋಯ್ತೀನಿ ಅಂತ?”

ಅವಳು ಮೊಣಕಾಲಿಗೆ ಕೈ ಊರಿ ಎದ್ದಳು.

“ನಡಿ. ಆ ಕಾಗ್ದಕ್ಕೆ ಎಲ್ ಎಬ್ಬೆಟ್ ಒತ್ಬೇಕೋ ತೋರ್ಸು.”